ಕಡಲಾಚೆಗೆ ಹೋದ ಮೋಟಾರು ಸೈಕಲ್ಲು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮವರ ಹಳೆಯ ಗಾದೆ. ಹೇರೆತ್ತುಗಳ ಮೇಲೆ ಅಡಕೆ ಮೆಣಸುಗಳನ್ನು ಹೇರಿಕೊಂಡು ಘಟ್ಟವಿಳಿಯುತ್ತಿದ್ದ ಕಾಲದ ವರ್ತಕರು ಕಟ್ಟಿದ ಮಾತಿರಬೇಕು ಇದು. ಆ ಎತ್ತುಗಳೂ ಹೋದುವು, ಆ ಕಟ್ಟೆಗಳೂ ಊರುಕೇರಿಗಳ ಹೆಸರಾಗಿ ಮಾತ್ರ ಉಳಿದುವು. ಬೆಂಗಳೂರಿನಲ್ಲಿ ಸುಂಕದಕಟ್ಟೆಯೆಂಬ ಬಡಾವಣೆಯ ಮಾರ್ಗವಾಗಿ ದಿನವೂ ಹಾದುಹೋಗುವ ಸಾವಿರಾರು ಜನರಲ್ಲಿ ಆ ಹೆಸರಿನ ಅರ್ಥವನ್ನು ನೆನೆಯುವವರು ಎಷ್ಟು ಮಂದಿಯೋ! ಆದರೆ ಗಾದೆಗೆ ಮಾತ್ರ ಮುಪ್ಪು ಬಂದಿಲ್ಲ. ಮನುಷ್ಯನು ಕಡಲು ದಾಟುವುದು ಈಗ ಅರ್ಧ ದಿವಸದ ಕೆಲಸ. ಅವನು ದಿನವೂ ಬಳಸುವ ಗಾಡಿಯೊಂದು ಅದೇ ಕಡಲನ್ನು ದಾಟಬೇಕಾದರೆ ತಿಂಗಳುಗಳ ಪತ್ರವ್ಯವಹಾರ, ಜಾಮೀನು, ಮುದ್ರೆ, ರಸೀದಿ ಇಷ್ಟೂ ಬೇಕು. 2025ರ ಮೊದಲ ತಿಂಗಳುಗಳಲ್ಲಿ ನಮ್ಮ ಮನೆಯ ಮೋಟಾರು ಸೈಕಲ್ಲೊಂದು ಪೂರ್ವ ಆಫ್ರಿಕಕ್ಕೆ ಹೋಗಿ ಬಂದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯಲು ಮನಸ್ಸಾಯಿತು.

ಗಾಡಿಯೇನೂ ಹೊಸದಲ್ಲ, ಬೆಲೆಯುಳ್ಳದ್ದೂ ಅಲ್ಲ. ಅದು ಮೈಸೂರಿನಲ್ಲಿ ತಯಾರಾದ ಯೆಜ್ದಿ. ನನ್ನ ದಿವಂಗತ ಭಾವನವರದು. ಅವರು ಬದುಕಿದ್ದಾಗ ಕಿಲಿಮಂಜಾರೋ ಪರ್ವತದ ಚಿತ್ರವಿದ್ದ ಒಂದು ಹಳೆಯ ಪಂಚಾಂಗದ ಹಾಳೆಯನ್ನು ನಡುಮನೆಯ ಗೋಡೆಗೆ ಅಂಟಿಸಿಕೊಂಡು, ಒಂದಲ್ಲ ಒಂದು ದಿನ ಈ ಗಾಡಿಯಲ್ಲೇ ಅದರ ಬುಡಕ್ಕೆ ಹೋಗಿ ನಿಲ್ಲುತ್ತೇನೆಂದು ಹೇಳುತ್ತಿದ್ದರು. ಅವರು ಹೋಗಲಾಗಲಿಲ್ಲ. ಮಗನು ದುಡಿಯುವಂತಾದ ಮೇಲೆ ಆ ಮಾತನ್ನು ಮತ್ತೆ ಎತ್ತಿದನು. ಅಕ್ಕ ಮೊದಲು ನಕ್ಕಳು. ಆಮೇಲೆ ಎರಡು ದಿವಸ ಮಾತಾಡಲಿಲ್ಲ. ಮೂರನೆಯ ದಿವಸ ನನ್ನನ್ನು ಕರೆದು, “ಜಾಮೀನಿಗೆ ನನ್ನ ಠೇವಣಿಯ ಹಣವನ್ನು ಕೊಡುತ್ತೇನೆ. ಆದರೆ ನೀನೂ ಅವನ ಜೊತೆಗೆ ಹೋಗಬೇಕು. ಹುಡುಗನು ಹೋದ ಹಾಗೆಯೇ ಬರಬೇಕು, ಗಾಡಿಯೂ ಹೋದ ಹಾಗೆಯೇ ಬರಬೇಕು,” ಎಂದಳು. ಹೀಗೆ ಕಾಗದಪತ್ರಗಳ ಹೊಣೆ ನನ್ನ ಪಾಲಿಗೆ ಬಂತು.

ಸುಂಕಕ್ಕೂ ಈ ಗಾಡಿಯ ಹುಟ್ಟಿಗೂ ಸಂಬಂಧವುಂಟೆಂಬುದನ್ನು ಇಲ್ಲಿ ಹೇಳಬೇಕು. ಜಾವಾ ಎಂಬುದು ಚೆಕೊಸ್ಲೊವಾಕಿಯದ ಕಾರ್ಖಾನೆಯ ಹೆಸರು. 1929ರಲ್ಲಿ ಯಾನೆಚೆಕ್ ಎಂಬ ಸ್ಥಾಪಕನ ಹೆಸರಿನ ಮೊದಲಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಗಾಡಿಯ ಹೆಸರಿನ ಮೊದಲಕ್ಷರಗಳನ್ನೂ ಕೂಡಿಸಿ ಇಟ್ಟದ್ದು. ಮುಂಬಯಿಯ ಪಾರಸಿ ವರ್ತಕರು ಅವುಗಳನ್ನು ತರಿಸಿ ಮಾರುತ್ತಿದ್ದರು. 1950ರ ದಶಕದಲ್ಲಿ ಭಾರತ ಸರ್ಕಾರವು ಮೋಟಾರು ಸೈಕಲ್ಲುಗಳ ಆಮದನ್ನು ತಡೆದಾಗ, ತರಿಸುತ್ತಿದ್ದವರು ಇಲ್ಲಿಯೇ ತಯಾರಿಸುವ ಅನುಮತಿ ಪಡೆದು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. 1961ರಲ್ಲಿ ಗಾಡಿಗಳು ಹೊರಬಂದುವು; 1973ರಿಂದ ಅವುಗಳಿಗೆ ಯೆಜ್ದಿ ಎಂಬ ಹೆಸರಾಯಿತು; 1996ರಲ್ಲಿ ಕಾರ್ಖಾನೆ ಮುಚ್ಚಿತು. ಎಷ್ಟೋ ಸಂಸಾರಗಳು ಅದರ ದುಡಿಮೆಯಿಂದ ನಿಂತವು. ಬಂದರಿನಲ್ಲಿ ಮುಚ್ಚಿದ ಒಂದು ಬಾಗಿಲು ಒಳನಾಡಿನ ಊರೊಂದರಲ್ಲಿ ಕಾರ್ಖಾನೆಯ ಬಾಗಿಲನ್ನು ತೆರೆಯಿಸಿತು. ಸುಂಕವನ್ನು ಬೈಯುವವರು ಈ ಮುಖವನ್ನೂ ನೋಡಬೇಕು.

ಇನ್ನು ವಿಷಯಕ್ಕೆ ಬರೋಣ. ಪರದೇಶಕ್ಕೆ ಕೊಂಡೊಯ್ದ ವಾಹನವನ್ನು ಆ ದೇಶದವರು ಆಮದಾದ ಸರಕೆಂದೇ ಎಣಿಸುತ್ತಾರೆ. ನಾವು ಪ್ರವಾಸಿಗಳೆಂದೂ ತಿಂಗಳೊಳಗೆ ಮರಳುತ್ತೇವೆಂದೂ ಹೇಳಿದರೆ, ಇಲ್ಲಿಯೇ ಮಾರಿ ಹೋಗುವುದಿಲ್ಲವೆಂಬುದಕ್ಕೆ ಆಧಾರವೇನೆಂದು ಅವರು ಕೇಳುವುದು ನ್ಯಾಯವೇ. ಆ ಆಧಾರಕ್ಕಾಗಿ ಏರ್ಪಟ್ಟಿರುವುದು ಕಾರ್ನೆಟ್ ಎಂಬ ರಹದಾರಿ ಪುಸ್ತಕ. 1954ರಲ್ಲಿ ನ್ಯೂಯಾರ್ಕಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವೊಂದು ಖಾಸಗಿ ವಾಹನಗಳ ತಾತ್ಕಾಲಿಕ ಆಮದಿಗೆ ನಿಯಮಗಳನ್ನು ಮಾಡಿತು. ಅದರಂತೆ ಆಯಾ ದೇಶದ ಮೋಟಾರು ಸಂಘವು ತನ್ನ ಸದಸ್ಯನ ಪರವಾಗಿ ಹೊಣೆ ನಿಲ್ಲುತ್ತದೆ. ಗಾಡಿ ಗೊತ್ತಾದ ಅವಧಿಯೊಳಗೆ ಹೊರಬೀಳದಿದ್ದರೆ ಸುಂಕದ ಹಣವನ್ನು ಸಂಘದಿಂದ ವಸೂಲು ಮಾಡಬಹುದು; ಸಂಘವು ಅದನ್ನು ನಮ್ಮ ಜಾಮೀನಿನಿಂದ ಮುರಿದುಕೊಳ್ಳುತ್ತದೆ. ಜಾಮೀನಿನ ಮೊತ್ತವನ್ನು ಗಾಡಿಯ ಬೆಲೆಯನ್ನೂ ಹೋಗತಕ್ಕ ದೇಶಗಳ ಸುಂಕದ ಮಟ್ಟವನ್ನೂ ನೋಡಿ ಗೊತ್ತುಮಾಡುತ್ತಾರೆ. ಪುಸ್ತಕವು ಒಂದು ವರ್ಷದವರೆಗೆ ನಡೆಯುತ್ತದೆ.

ಪುಸ್ತಕದ ಒಂದೊಂದು ಹಾಳೆಯಲ್ಲಿಯೂ ಮೂರು ಭಾಗಗಳಿವೆ. ದೇಶವನ್ನು ಹೊಗುವಾಗ ಒಂದು ಭಾಗವನ್ನು ಅಲ್ಲಿಯ ಅಧಿಕಾರಿ ಹರಿದಿಟ್ಟುಕೊಳ್ಳುತ್ತಾನೆ. ಹೊರಡುವಾಗ ಇನ್ನೊಂದನ್ನು ಹರಿದುಕೊಳ್ಳುತ್ತಾನೆ. ಪುಸ್ತಕದಲ್ಲಿ ಉಳಿಯುವ ಮೂರನೆಯ ಭಾಗದಲ್ಲಿ ಹೊಕ್ಕ ಮುದ್ರೆ, ಹೊರಟ ಮುದ್ರೆ, ಎರಡೂ ಬೀಳಬೇಕು. ಹೊಕ್ಕ ಮುದ್ರೆಯಿದ್ದು ಹೊರಟ ಮುದ್ರೆಯಿಲ್ಲದಿದ್ದರೆ, ಗಾಡಿ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದರೂ ಕಾಗದದ ಮಟ್ಟಿಗೆ ಅದು ಪರದೇಶದಲ್ಲಿಯೇ ಉಳಿದಂತೆ. ಅಕ್ಕನ ಹಣವೆಲ್ಲ ನಿಂತಿದ್ದುದು ಅಂಗೈಯಗಲದ ಆ ಜಾಗದ ಮೇಲೆ.

ಇಂಥ ರಹದಾರಿಯಿಲ್ಲದೆ ಸುಂಕ ಕೊಟ್ಟೇ ಆಮದು ಮಾಡಿಕೊಂಡರೆ ಎಷ್ಟಾಗುವುದೆಂದು ವಾಚಕರು ಕೇಳಬಹುದು. ಸುಂಕದ ಲೆಕ್ಕವನ್ನು ಗಾಡಿಯ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ. ಬೆಲೆ, ಹಡಗಿನ ಬಾಡಿಗೆ, ವಿಮೆ, ಈ ಮೂರನ್ನೂ ಕೂಡಿಸಿ ಅದರ ಮೇಲೆ ಹಾಕುತ್ತಾರೆ. ಹಾಗೆ ಬಂದ ಸುಂಕವನ್ನೂ ಕೂಡಿಸಿ, ಆ ಒಟ್ಟಿನ ಮೇಲೆ ಒಳನಾಡಿನ ತೆರಿಗೆಯನ್ನು ಹಾಕುತ್ತಾರೆ. ಉದಾಹರಣೆಗೆ ಗಾಡಿಯ ಬೆಲೆ 1,00,000 ರೂಪಾಯಿ, ಬಾಡಿಗೆ ವಿಮೆಗಳು 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸುಂಕ ನೂರಕ್ಕೆ 25 ಆದರೆ 30,000 ಆಯಿತು. ಒಟ್ಟು 1,50,000ದ ಮೇಲೆ ನೂರಕ್ಕೆ 16ರ ತೆರಿಗೆ 24,000. ನೂರಕ್ಕೆ 25 ಮತ್ತು 16 ಕೂಡಿದರೆ 41 ಎಂದು ಮನೆಯಲ್ಲಿ ಕುಳಿತು ಲೆಕ್ಕ ಹಾಕಿದವನು ಬಂದರಿನಲ್ಲಿ ತನ್ನ ಗಾಡಿಯ ಬೆಲೆಯ ನೂರಕ್ಕೆ 54ನ್ನು ಎಣಿಸಿಕೊಡಬೇಕಾಗುತ್ತದೆ. ಸುಂಕವು ಹೀಗೆ ಮೆಟ್ಟಲು ಮೆಟ್ಟಲಾಗಿ ಏರುವುದೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ನಮಗೆ ಇದಕ್ಕಿಂತ ದೊಡ್ಡ ಚಿಂತೆ ಮರಳಿ ತರುವುದರಲ್ಲಿತ್ತು. ಪರದೇಶದಿಂದ ಬಳಸಿದ ಗಾಡಿಯನ್ನು ಭಾರತಕ್ಕೆ ತರುವುದಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದೆಂದು ನಮ್ಮ ಸರ್ಕಾರದ ನಿಯಮವಿದೆ. ಭಾವನವರ ಗಾಡಿಗೋ ಮೂವತ್ತು ವರ್ಷ ದಾಟಿತ್ತು. ಇಲ್ಲಿಂದ ಹೋದದ್ದೇ ಮರಳಿ ಬಂದಿದೆಯೆಂದು ಸಾಧಿಸಿದರೆ ಬಾಗಿಲು ತೆರೆಯುವುದು. ಸಾಧಿಸಲಾಗದಿದ್ದರೆ ಎಷ್ಟು ಸುಂಕ ಕೊಡುತ್ತೇವೆಂದರೂ ತೆರೆಯದು. ಸಾಧಿಸುವುದಕ್ಕಿರುವ ಆಧಾರಗಳು ಎರಡು: ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆ, ಇಂಜಿನಿನ ಮೇಲೆ ಕೊರೆದ ಸಂಖ್ಯೆ. ಚೌಕಟ್ಟಿನ ಸಂಖ್ಯೆಯ ಒಂದು ಅಂಕೆಯನ್ನು ತುಕ್ಕು ಅರ್ಧ ತಿಂದಿತ್ತು. ಅಳಿಯನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅದನ್ನು ಒರೆಸಿ, ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದನು. ಸಾರಿಗೆ ಕಚೇರಿಯಲ್ಲಿ ಆ ಅಚ್ಚಿಗೆ ದೃಢೀಕರಣ ಮಾಡಿಸಿ ಮೂರು ಪ್ರತಿಗಳನ್ನು ಇಟ್ಟುಕೊಂಡೆವು. ರಫ್ತಿನ ಪತ್ರದಲ್ಲಿಯೂ ಕಾರ್ನೆಟ್ಟಿನಲ್ಲಿಯೂ ಆ ಸಂಖ್ಯೆಗಳು ಅಕ್ಷರಶಃ ಒಂದೇ ಆಗಿರುವಂತೆ ನೋಡಿಕೊಂಡೆವು.

ಪೆಟ್ಟಿಗೆಯ ಕಥೆ ಬೇರೆ. ಇಡೀ ಕಂಟೇನರನ್ನು ಒಂದು ಗಾಡಿಗಾಗಿ ಹಿಡಿಯುವುದು ನಮ್ಮಂಥವರಿಗಲ್ಲ. ಹಲವರ ಸರಕಿನೊಡನೆ ಸೇರಿಸಿ ಕಳುಹಿಸುವಾಗ ಬಾಡಿಗೆಯನ್ನು ಸಾಮಾನ್ಯವಾಗಿ ಘನಮೀಟರಿನ ಲೆಕ್ಕದಲ್ಲಿ ಹಾಕುತ್ತಾರೆ; ಹಗುರವಾದ ಸರಕಿಗೆ ತೂಕ ಲೆಕ್ಕಕ್ಕೆ ಬರುವುದಿಲ್ಲ, ಜಾಗವೇ ಲೆಕ್ಕ. ಗಾಡಿಯನ್ನು ಇದ್ದಂತೆಯೇ ನಿಲ್ಲಿಸಿದರೆ 2.2 ಮೀಟರು ಉದ್ದ, 0.9 ಅಗಲ, 1.2 ಎತ್ತರದ ಪೆಟ್ಟಿಗೆ ಬೇಕು. ಅದು ಸುಮಾರು 2.4 ಘನಮೀಟರು. ಮುಂದಿನ ಚಕ್ರವನ್ನು ಬಿಚ್ಚಿ, ಹ್ಯಾಂಡಲನ್ನು ತೆಗೆದು ಟ್ಯಾಂಕಿನ ಪಕ್ಕಕ್ಕೆ ಕಟ್ಟಿದರೆ 1.8, 0.7, 1.1ರ ಪೆಟ್ಟಿಗೆ ಸಾಕು. ಅದು ಸುಮಾರು 1.4. ಒಂದು ಸ್ಪ್ಯಾನರಿನ ಅರ್ಧ ಗಂಟೆಯ ಕೆಲಸದಿಂದ ಒಂದು ಘನಮೀಟರಿನ ಬಾಡಿಗೆ ಉಳಿಯಿತು. ಪೆಟ್ಟಿಗೆಯ ಹಲಗೆಗೂ ನಿಯಮವಿದೆ. ಮರದ ಹುಳುಗಳು ದೇಶದಿಂದ ದೇಶಕ್ಕೆ ಹೋಗದಂತೆ, ಹಲಗೆಯ ಒಡಲು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷವಿರುವ ಹಾಗೆ ಕಾಯಿಸಿ, ಗೋಧಿಯ ತೆನೆಯ ಗುರುತುಳ್ಳ ಮುದ್ರೆಯನ್ನು ಒತ್ತಿರಬೇಕು. ಮುದ್ರೆಯಿಲ್ಲದ ಪೆಟ್ಟಿಗೆಯನ್ನು ಆಚೆ ದಡದಲ್ಲಿ ಹಿಂದಕ್ಕೆ ಕಳುಹಿಸಬಹುದು, ಸುಟ್ಟೂ ಹಾಕಬಹುದು. ಪೆಟ್ರೋಲನ್ನು ಬಸಿದು, ಬ್ಯಾಟರಿಯ ತಂತಿಯನ್ನು ಕಳಚಿದ್ದೂ ಆಯಿತು. ಮೊಳೆ ಹೊಡೆಯುವ ಮುನ್ನ ಅಕ್ಕ ಬಂದು, ಟ್ಯಾಂಕಿನ ಮೇಲೆ ಒಂದು ಹಳೆಯ ಕಂಬಳಿಯನ್ನು ಹೊದಿಸಿದಳು. ಬಣ್ಣ ಉಜ್ಜಿಹೋಗಬಾರದೆಂದು ಹೇಳಿದಳು. ನಾವು ಬೇರೇನೂ ಕೇಳಲಿಲ್ಲ.

ಮುಂಬಯಿಯ ನವಶೇವಾ ಬಂದರಿನಿಂದ ಕೀನ್ಯದ ಮೊಂಬಾಸಾ ಸುಮಾರು 2400 ನಾಟಿಕಲ್ ಮೈಲಿ. ಪುರಾತನ ಕಾಲದಿಂದಲೂ ಈ ದಾರಿಯಲ್ಲಿ ಗಾಳಿಯನ್ನು ನಂಬಿ ನಾವೆಗಳು ನಡೆದಿವೆ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿಗೆ ಆ ಕರಾವಳಿಯವರು ಕಸ್ಕಾಜಿ ಎನ್ನುತ್ತಾರೆ. ಅದು ನಮ್ಮ ಕಡೆಯ ಹಡಗುಗಳನ್ನು ಅತ್ತ ಒಯ್ಯುತ್ತಿತ್ತು. ನಮಗೆ ಮಳೆ ತರುವ ನೈಋತ್ಯದ ಗಾಳಿಗೆ ಅವರು ಕೂಸಿ ಎನ್ನುತ್ತಾರೆ. ಅದು ಮರಳಿ ತರುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮನು ಮೊಂಬಾಸಾದ ಉತ್ತರಕ್ಕಿರುವ ಮಾಲಿಂದಿಯಲ್ಲಿ ದಾರಿ ತೋರುವವನೊಬ್ಬನನ್ನು ಪಡೆದು ಕಲ್ಲಿಕೋಟೆಗೆ ಬಂದನು. ಹಿಂದಿರುಗುವಾಗ ನಮ್ಮ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿದನು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚುಗಳೂ ಪೂರ್ವ ಆಫ್ರಿಕಕ್ಕೆ ಹಡಗೇರಿದುವು.

ಮೊಂಬಾಸಾ ಒಂದು ದ್ವೀಪದ ಮೇಲಿನ ಊರು. ಒಂದು ಮಗ್ಗುಲಲ್ಲಿ ಹಳೆಯ ಪೇಟೆ. ಅದರ ತುದಿಯಲ್ಲಿ ಪೋರ್ಚುಗೀಸರು 1593ರಿಂದ 1596ರವರೆಗೆ ಕಟ್ಟಿದ ಫೋರ್ಟ್ ಜೀಸಸ್ ಕೋಟೆ. ಓಣಿಗಳು ಕಿರಿದು, ಬಾಗಿಲುಗಳ ಮೇಲೆ ಕೆತ್ತನೆ, ಮೂಲೆಮೂಲೆಯಲ್ಲಿ ಎಳನೀರು. ಕಣ್ಣುಮುಚ್ಚಿ ಕುಳಿತರೆ ನಮ್ಮ ಕರಾವಳಿಯ ವಾಸನೆಯೇ. ಇನ್ನೊಂದು ಮಗ್ಗುಲಲ್ಲಿ ಕಿಲಿಂಡಿನಿ ಎಂಬ ದೊಡ್ಡ ಬಂದರು. ಆಳವಾದ ನೀರೆಂದು ಆ ಹೆಸರಿನ ಅರ್ಥ. ಇಲ್ಲಿಂದಲೇ 1896ರಲ್ಲಿ ರೈಲು ದಾರಿ ಹೊರಟು 1901ರಲ್ಲಿ ವಿಕ್ಟೋರಿಯ ಸರೋವರವನ್ನು ಮುಟ್ಟಿತು. ಅದನ್ನು ಹಾಕಲು ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದಿದ್ದರು. ಅವರಲ್ಲಿ ಸುಮಾರು 2500 ಮಂದಿ ಅಲ್ಲಿಯೇ ಪ್ರಾಣಬಿಟ್ಟರು.

ಆ ಊರಿನ ಸ್ವಾಹಿಲಿ ಭಾಷೆ ಕಿವಿಗೆ ಪೂರಾ ಪರಕೀಯವಲ್ಲ. ಬಂದರಿಗೆ ಅವರು ‘ಬಂದರಿ’ ಎನ್ನುತ್ತಾರೆ, ಗಾಡಿಗೆ ‘ಗಾರಿ’, ಹಣಕ್ಕೆ ‘ಪೇಸ’, ವಿಮೆಗೆ ‘ಬೀಮ’. ಇವೆಲ್ಲ ವ್ಯಾಪಾರದ ಜೊತೆಗೆ ಹಡಗೇರಿದ ಮಾತುಗಳು. ಸುಂಕಕ್ಕೆ ‘ಉಶೂರು’, ಹತ್ತನೆಯ ಒಂದು ಪಾಲೆಂಬ ಅರ್ಥದ ಅರಬ್ಬಿ ಶಬ್ದದಿಂದ ಬಂದುದು. ಹತ್ತರಲ್ಲೊಂದು ಪಾಲಿಗೇ ಸುಂಕ ಮುಗಿಯುತ್ತಿದ್ದ ಕಾಲವೂ ಇತ್ತಲ್ಲಾ ಎಂದು ಅಳಿಯನು ನಕ್ಕನು. ಮೋಟಾರು ಸೈಕಲ್ಲಿಗೆ ಮಾತ್ರ ಅವರದೇ ಚೆಂದದ ಹೆಸರು: ಪಿಕಿಪಿಕಿ. ಬೀದಿ ಬೀದಿಯಲ್ಲಿ ಬಾಡಿಗೆಗೆ ಓಡುವ ಪಿಕಿಪಿಕಿಗಳು ಹೆಚ್ಚಾಗಿ ಭಾರತದಿಂದ ಹೋದ ಬಜಾಜ್, ಟಿವಿಎಸ್ ಗಾಡಿಗಳೇ.

ನಾವು ವಿಮಾನದಲ್ಲಿ ಹೋಗಿ ಕಾದಿದ್ದೆವು. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವ ಹತ್ತು ದಿವಸಗಳಿಗೆ ಮುಂಚೆಯೇ ಹಾಕಿಸಿಕೊಂಡು ಅದರ ಪತ್ರವನ್ನು ಇಟ್ಟುಕೊಂಡಿದ್ದೆವು. ಅದಿಲ್ಲದೆ ಆ ದೇಶಗಳಿಂದ ಭಾರತಕ್ಕೆ ಮರಳುವವರನ್ನು ಬೇರೆ ಇರಿಸುತ್ತಾರೆ. ಹಡಗು ಬಂತು, ಪೆಟ್ಟಿಗೆಯೂ ಉಗ್ರಾಣಕ್ಕೆ ಬಂತು. ಆದರೆ ಸರಕಿನ ಒಡೆತನವನ್ನು ತೋರಿಸುವ ಹಡಗಿನ ಮೂಲಪತ್ರವನ್ನು ನಮ್ಮ ಕಡೆಯ ರವಾನೆ ಸಂಸ್ಥೆಯವರು ಇನ್ನೂ ಕಳುಹಿಸಿರಲಿಲ್ಲ. ಇಂದು, ನಾಳೆ ಎನ್ನುತ್ತ ಆರು ದಿವಸ ಕಳೆದರು. ಬಂದರಿನಲ್ಲಿ ಸರಕಿಗೆ ಬಾಡಿಗೆಯಿಲ್ಲದೆ ಇರಲು ಕೆಲವು ದಿವಸಗಳ ಅವಕಾಶವುಂಟು; ಅದು ಮುಗಿದೊಡನೆ ಗಡಿಯಾರದ ಮುಳ್ಳೇ ನಮ್ಮ ಗಂಟಿಗೆ ಕೈಹಾಕುತ್ತದೆ. ಪತ್ರ ಬಂದ ಮೇಲೆ ಇನ್ನೊಂದು ಪಟ್ಟಿ ಎದುರಾಯಿತು: ಕಂಟೇನರಿನಿಂದ ಇಳಿಸಿದ್ದಕ್ಕೆ, ಉಗ್ರಾಣಕ್ಕೆ ಸಾಗಿಸಿದ್ದಕ್ಕೆ, ಬಿಡುಗಡೆಯ ಚೀಟಿಗೆ, ದಲ್ಲಾಳಿಗೆ. ಹಡಗಿನ ಬಾಡಿಗೆ ನೂರು ರೂಪಾಯಿಯಾದರೆ ದಡದ ಖರ್ಚು ಇನ್ನೂರು ಆಗಿತ್ತು. ಸಾಗಾಟದ ದರವನ್ನು ಅಗ್ಗವಾಗಿ ಹೇಳಿ ಆಚೆ ದಡದಲ್ಲಿ ವಸೂಲು ಮಾಡುವುದು ಈ ವ್ಯಾಪಾರದ ಹಳೆಯ ಪದ್ಧತಿಯೆಂದು ಅಲ್ಲಿಯ ಗುಜರಾತಿ ಅಂಗಡಿಯವರೊಬ್ಬರು ತಿಳಿಸಿದರು.

ಸುಂಕದ ಅಧಿಕಾರಿ ಮಾತ್ರ ಸಜ್ಜನನು. ಪೆಟ್ಟಿಗೆಯ ಮುಚ್ಚಳ ತೆಗೆಯಿಸಿ, ಕಂಬಳಿಯನ್ನು ತಾನೇ ಮಡಿಸಿ ಪಕ್ಕಕ್ಕಿಟ್ಟು, ಪುಸ್ತಕವನ್ನು ಕೈಯಲ್ಲಿ ಹಿಡಿದು ಸಂಖ್ಯೆಗಳನ್ನು ನೋಡತೊಡಗಿದನು. ತುಕ್ಕು ತಿಂದ ಅಂಕೆಯ ಬಳಿ ಬೆರಳು ನಿಂತಿತು. “ಇದು ಮೂರೋ, ಎಂಟೋ?” ಎಂದನು. ನಾನು ಪೆನ್ಸಿಲಿನ ಅಚ್ಚನ್ನು ಕೊಟ್ಟೆನು. ಬಿಸಿಲಿಗೆ ಹಿಡಿದು ನೋಡಿ, ಎಂಟೆಂದು ಒಪ್ಪಿದನು. ಆಮೇಲೆ, “ಇದನ್ನು ಒದ್ದು ಹೊರಡಿಸುವ ಸಲಾಕೆ ಎಲ್ಲಿ?” ಎಂದು ಕೇಳಿದನು. ಗೇರು ಹಾಕುವ ಸಲಾಕೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಒದೆಯುವ ಸಲಾಕೆಯಾಗುವುದು ಯೆಜ್ದಿಯ ವಿಶೇಷ. ಅಳಿಯನು ಅದನ್ನು ತೋರಿಸಿದಾಗ ಉಗ್ರಾಣದ ಹಮಾಲರೆಲ್ಲ ಸುತ್ತ ನೆರೆದರು. ಅಧಿಕಾರಿ ಒಂದು ಸಲ ತಾನೇ ತಿರುಗಿಸಿ ನೋಡಿ, ಸಂತೋಷದಿಂದ ಮುದ್ರೆಯೊತ್ತಿದನು. ದೋಣಿಯ ಯಂತ್ರಗಳಿಗೆ ಹಾಕುವ ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸಿ ಗಾಡಿಯನ್ನು ಎಬ್ಬಿಸಿದೆವು.

ಮೊಂಬಾಸಾದಿಂದ ವೋಯಿ ಎಂಬ ಊರಿಗೆ ಸುಮಾರು 150 ಕಿಲೋಮೀಟರು. ಅಲ್ಲಿ ಪಶ್ಚಿಮಕ್ಕೆ ತಿರುಗಿದರೆ ತವೇಟ ಎಂಬ ಗಡಿಯ ಊರಿಗೆ ಸುಮಾರು 110. ನಾನು ಹಿಂದಿನ ಆಸನದಲ್ಲಿ, ಕಾಗದದ ಚೀಲವನ್ನು ಎದೆಗೆ ಕಟ್ಟಿಕೊಂಡು. ಕೆಂಪು ಮಣ್ಣಿನ ಬಯಲು, ಕತ್ತಾಳೆಯ ದೊಡ್ಡ ದೊಡ್ಡ ತೋಟಗಳು, ಅಲ್ಲಲ್ಲಿ ಆನೆಯ ಕಾಲಿನಂಥ ಬೊಡ್ಡೆಯ ಮರಗಳು. ಆ ಮರಗಳನ್ನು ನಮ್ಮ ಸವಣೂರಿನಲ್ಲಿ ದೊಡ್ಡಹುಣಸೆಯೆಂದು ಕರೆಯುತ್ತಾರೆ. ಅಲ್ಲಿಯ ಮರಗಳು ಶತಮಾನಗಳಷ್ಟು ಹಳೆಯವು. ಅವುಗಳ ಬೀಜವೂ ಎಂದೋ ಈ ಕಡಲನ್ನೇ ದಾಟಿ ಬಂದಿರಬೇಕು. ಬೀಜವಷ್ಟೇ ಬರಲಿಲ್ಲ. ಯಲ್ಲಾಪುರ ಹಳಿಯಾಳಗಳ ಕಾಡಿನಲ್ಲಿ ಬಾಳುತ್ತಿರುವ ಸಿದ್ದಿ ಜನರ ಪೂರ್ವಿಕರೂ ಈ ದಡದ ನಾಡುಗಳಿಂದ ಬಂದವರು. ಅವರಲ್ಲಿ ಬಹುಮಂದಿ ತಾವಾಗಿ ಹಡಗೇರಿದವರಲ್ಲ, ಮಾರಾಟವಾಗಿ ಬಂದವರು. ಗಾಡಿಗೆ ಮರಳುವ ಮುದ್ರೆಯನ್ನು ಚಿಂತಿಸುತ್ತ ಕುಳಿತಿದ್ದ ನನಗೆ, ಮರಳುವ ಮಾತೇ ಇಲ್ಲದೆ ಸರಕಿನ ಪಟ್ಟಿಯಲ್ಲಿ ಸೇರಿಹೋದ ಮನುಷ್ಯರ ನೆನಪು ಬಹಳ ಹೊತ್ತು ಕಾಡಿತು.

ತವೇಟವನ್ನು ಸೇರುವ ಮುನ್ನ, ಮೋಡದ ಮೇಲೆ ಮತ್ತೊಂದು ಮೋಡವೆಂದು ನಾನು ತಿಳಿದದ್ದನ್ನು ಅಳಿಯನು ಕೈಯೆತ್ತಿ ತೋರಿಸಿದನು. 5895 ಮೀಟರು ಎತ್ತರದ ಕಿಲಿಮಂಜಾರೋ. ಗಾಡಿಯನ್ನು ನಿಲ್ಲಿಸಿ ಇಳಿದೆವು. ಅವನು ಏನೂ ಮಾತಾಡಲಿಲ್ಲ. ಟ್ಯಾಂಕಿನ ಧೂಳನ್ನು ಅಂಗೈಯಿಂದ ಒರೆಸಿ, ಗಾಡಿಯ ಮೂತಿಯನ್ನು ಪರ್ವತದ ಕಡೆಗೆ ತಿರುಗಿಸಿ ನಿಲ್ಲಿಸಿದನು. ಆಮೇಲೆ, “ಮಾವ, ಅಮ್ಮನಿಗೆ ಒಂದು ಚಿತ್ರ ತೆಗೆದುಕೊಡಿ. ನಾನು ಬೇಡ, ಗಾಡಿಯದು ಮಾತ್ರ,” ಎಂದನು. ಗಡಿಯಾಚೆ ಟಾಂಜಾನಿಯದ ಮೋಶಿಯಲ್ಲಿ ಪರ್ವತದ ತಪ್ಪಲಿನ ಕಾಫಿಯನ್ನು ಕುಡಿದೆವು. ನಮ್ಮ ಚಂದ್ರದ್ರೋಣಕ್ಕೆ ಬಾಬಾ ಬುಡನರು ಮೋಖಾದಿಂದ ಏಳು ಬೀಜಗಳನ್ನು ಮರೆಮಾಡಿ ತಂದರೆಂಬ ಐತಿಹ್ಯವನ್ನು ನೆನೆದು, ಸುಂಕದವನ ಕಣ್ಣು ತಪ್ಪಿಸಿದ್ದರಿಂದ ಒಂದು ನಾಡಿಗೇ ಬದುಕಾದದ್ದು ಅದೊಂದೇ ಇರಬೇಕೆಂದುಕೊಂಡೆವು. ಮುಂದೆ ಅರೂಶಾ, ನಮಂಗ, ನೈರೋಬಿಗಳ ಮಾರ್ಗವಾಗಿ ಬಳಸಿ ಮೊಂಬಾಸಾಕ್ಕೆ ಮರಳಿದೆವು. ಒಟ್ಟು ಸುಮಾರು 1100 ಕಿಲೋಮೀಟರು, ಎರಡು ಗಡಿಗಳು.

ಆ ಗಡಿಗಳಲ್ಲೊಂದರಲ್ಲಿ ನಡೆದುದನ್ನು ಹೇಳಲೇಬೇಕು. ಈಗ ಅಲ್ಲಿ ಒಂದೇ ಸೂರಿನ ಕೆಳಗೆ ಎರಡು ದೇಶಗಳವರೂ ಕುಳಿತಿರುತ್ತಾರೆ. ಬಿಡುವ ದೇಶದ ಕಟ್ಟಡದಲ್ಲಿ ನಿಲ್ಲದೆ ಸೇರುವ ದೇಶದ ಕಟ್ಟಡಕ್ಕೆ ನೇರವಾಗಿ ಹೋಗಿ, ಅಲ್ಲಿಯೇ ಹೊರಟ ಮುದ್ರೆಯನ್ನೂ ಹೊಕ್ಕ ಮುದ್ರೆಯನ್ನೂ ಒತ್ತಿಸಿಕೊಳ್ಳಬೇಕು. ಹೊತ್ತು ಉಳಿಯುವುದು ನಿಜ. ಒಂದು ಮೇಜು ತಪ್ಪಿದರೆ ಒಂದು ಮುದ್ರೆ ತಪ್ಪುವುದೂ ನಿಜ. ಹೊರಡುವ ಕಡೆಯ ಗುಮಾಸ್ತನು ಗಣಕಯಂತ್ರದಲ್ಲಿ ಏನೋ ಬರೆದುಕೊಂಡು, “ಆಯಿತು, ಹೋಗಿ. ಈ ಪುಸ್ತಕವೆಲ್ಲ ಈಗ ಬೇಡ,” ಎಂದನು. ಹಿಂದೆ ಲಾರಿಯವರ ಸಾಲು ಗದ್ದಲ ಮಾಡುತ್ತಿತ್ತು. ಅಳಿಯನು ಗಾಡಿಯ ಕಡೆಗೆ ಹೊರಟೇಬಿಟ್ಟನು. ನಾನು ಅಲ್ಲಿಂದ ಕದಲಲಿಲ್ಲ. “ನಿಮ್ಮ ಯಂತ್ರ ನಿಮಗೆ ಸಾಕು, ನಮ್ಮ ಊರಿನವರು ಈ ಕಾಗದವನ್ನೇ ನೋಡುವವರು. ಮುದ್ರೆ ಬೀಳುವವರೆಗೆ ನಾನು ಇಲ್ಲಿಯೇ ಕುಳಿತಿರುತ್ತೇನೆ,” ಎಂದೆನು. ಅವನು ಮುಖ ಗಂಟಿಕ್ಕಿಕೊಂಡನು. ಮುದ್ರೆಯ ಪೆಟ್ಟಿಗೆಯ ಕೀಲಿಕೈ ಮೇಲಧಿಕಾರಿಯ ಬಳಿಯಿದೆ, ಅವರು ಊಟಕ್ಕೆ ಹೋಗಿದ್ದಾರೆ ಎಂದನು.

ಬೆಂಚಿನ ಮೇಲೆ ಎರಡು ಗಂಟೆ ಕುಳಿತೆನು. ಮೇಲಧಿಕಾರಿ ಬಂದರು, ನನ್ನಷ್ಟೇ ವಯಸ್ಸಿನ ಹೆಂಗಸು. ನನ್ನನ್ನು ‘ಮ್ಝೇ’ ಎಂದು ಕರೆದರು. ಆ ನಾಡಿನಲ್ಲಿ ಹಿರಿಯರನ್ನು ಹೀಗೆಯೇ ಮರ್ಯಾದೆಯಿಂದ ಕರೆಯುವುದು. ಗುಮಾಸ್ತನ ಮೇಲೆ ದೂರು ಹೇಳದೆ ನಾನು ಹಾಳೆಯನ್ನು ಬಿಡಿಸಿ, ಖಾಲಿಯಾಗಿದ್ದ ಜಾಗವನ್ನು ತೋರಿಸಿ, “ಇದರ ಮೇಲೆ ನನ್ನ ಅಕ್ಕನ ಉಳಿತಾಯ ನಿಂತಿದೆ. ಈ ಗಾಡಿ ಅವಳ ಯಜಮಾನರದು,” ಎಂದಷ್ಟೇ ಹೇಳಿದೆನು. ಅವರು ಒಂದು ಕ್ಷಣ ಕಿಟಕಿಯ ಹೊರಗೆ ನಿಂತಿದ್ದ ಗಾಡಿಯನ್ನು ನೋಡಿದರು. ಎದ್ದು ಹೋಗಿ ಸಂಖ್ಯೆಗಳನ್ನು ತಾವೇ ತಾಳೆನೋಡಿ ಬಂದು, ಮುದ್ರೆಯೊತ್ತಿ, ತಾರೀಖು ಬರೆದು, ತಮ್ಮ ಪಾಲಿನ ಚೂರನ್ನು ಹರಿದುಕೊಂಡರು. “ನಿಮ್ಮ ಅಕ್ಕನಿಗೆ ಸಲಾಮು ಹೇಳಿ,” ಎಂದರು. ಸುಂಕದವರ ಮುಂದೆ ಸುಖದುಃಖ ಹೇಳಬಾರದೆಂಬ ಗಾದೆ ಆ ದಿವಸ ಸುಳ್ಳಾಯಿತು. ಆದರೆ ಒಂದು ಮಾತು ನಿಜ: ಕೈಯಲ್ಲಿ ಕ್ರಮವಾದ ಕಾಗದವಿದ್ದುದರಿಂದಲೇ ಆ ದುಃಖಕ್ಕೆ ಕಿವಿ ದೊರೆಯಿತು.

ಮರಳಿ ಮುಂಬಯಿಯಲ್ಲಿ ಪೆಟ್ಟಿಗೆ ತೆರೆದಾಗ ಪೆನ್ಸಿಲಿನ ಅಚ್ಚು ಮತ್ತೆ ಕೆಲಸಕ್ಕೆ ಬಂತು. ರಫ್ತಿನ ಪತ್ರ, ಕಾರ್ನೆಟ್ಟು, ದೃಢೀಕರಣ, ಗಾಡಿ ನಾಲ್ಕೂ ಒಂದೇ ಸಂಖ್ಯೆಯನ್ನು ಹೇಳಿದುವು, ಬಿಡುಗಡೆಯಾಯಿತು. ಪುಸ್ತಕವನ್ನು ಮೋಟಾರು ಸಂಘಕ್ಕೆ ಒಪ್ಪಿಸಿದ ಕೆಲವು ವಾರಗಳಲ್ಲಿ ಜಾಮೀನೂ ಬಿಡುಗಡೆಯಾಗಿ ಅಕ್ಕನ ಹಣ ಅಕ್ಕನಿಗೆ ಸೇರಿತು. ಹೋಗಿಬರುವ ಒಟ್ಟು ವೆಚ್ಚ ಗಾಡಿಯ ಮಾರುಕಟ್ಟೆಯ ಬೆಲೆಯನ್ನು ಮೀರಿತೆಂಬುದನ್ನು ಮುಚ್ಚಿಡಲಾರೆ. ಹಣದ ಲೆಕ್ಕವೊಂದೇ ಮುಖ್ಯವಾದರೆ ಅಲ್ಲಿಯೇ ಒಂದು ಗಾಡಿಯನ್ನು ಬಾಡಿಗೆಗೆ ಹಿಡಿಯುವುದು ಮೇಲು. ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತೇನೆ.

ಆದರೂ ತನ್ನ ಗಾಡಿಯೇ ಆಗಬೇಕೆನ್ನುವ ಮಕ್ಕಳು ಮನೆಮನೆಯಲ್ಲಿಯೂ ಇರುವುದರಿಂದ, ಹಿರಿಯರ ಉಪಯೋಗಕ್ಕಾಗಿ ನಾಲ್ಕು ಮಾತು. ಆಚೆ ದಡದ ಖರ್ಚಿನ ಪಟ್ಟಿಯನ್ನು ಹೊರಡುವ ಮೊದಲೇ ಬರಹದಲ್ಲಿ ಕೇಳಿರಿ. ಬಾಯಿಮಾತಿನ ದರವನ್ನು ನಂಬಬೇಡಿರಿ. ಹಡಗಿನ ಮೂಲಪತ್ರ ನಿಮ್ಮ ಕೈ ಸೇರುವವರೆಗೆ ವಿಮಾನದ ಚೀಟಿ ಕೊಳ್ಳಬೇಡಿರಿ. ಗಾಡಿಯ ಸಂಖ್ಯೆಗಳ ಅಚ್ಚನ್ನೂ ಚಿತ್ರಗಳನ್ನೂ ಎರಡೆರಡು ಕಡೆ ಇಟ್ಟುಕೊಳ್ಳಿರಿ. ಗಡಿಯನ್ನು ಬಿಡುವ ಮುನ್ನ ಹಾಳೆಯನ್ನು ಬಿಡಿಸಿ ಎರಡು ಮುದ್ರೆಗಳನ್ನೂ ಕಣ್ಣಾರೆ ನೋಡಿರಿ. ಎಲ್ಲಿಯಾದರೂ ಒಂದು ತಪ್ಪಿಹೋದರೂ ಎದೆಗೆಡಬೇಕಾದದ್ದಿಲ್ಲ: ಗಾಡಿ ಸ್ವದೇಶದಲ್ಲಿದೆಯೆಂದು ಸುಂಕದ ಅಧಿಕಾರಿ ಕಣ್ಣಾರೆ ನೋಡಿ ಬರೆದುಕೊಡುವ ಪತ್ರವೊಂದುಂಟು, ತಡವಾದರೂ ಜಾಮೀನು ಉಳಿಯುವ ದಾರಿ ಅದರಿಂದ ದೊರೆಯಬಹುದು.

ಅಕ್ಕನ ಮನೆಯ ಗೋಡೆಯ ಮೇಲೆ ಈಗ ಹಳೆಯ ಪಂಚಾಂಗದ ಹಾಳೆಯ ಪಕ್ಕದಲ್ಲಿ ಇನ್ನೊಂದು ಚಿತ್ರವಿದೆ. ಅದೇ ಪರ್ವತ, ಕೆಳಗೆ ಧೂಳು ಮೆತ್ತಿದ ಗಾಡಿ. ನೆಂಟರು ಬಂದಾಗ ಅಕ್ಕ ಅದನ್ನು ತಾನಾಗಿ ತೋರಿಸುವುದಿಲ್ಲ; ಕೇಳಿದವರಿಗೆ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾಳೆ, ಸುಂಕದ ಲೆಕ್ಕವನ್ನೂ ಬಿಡದೆ.